ವಾಸನೆ ಇಲ್ಲದ ಬಾವಿ

ಎರಡನೆಯ ಕೊಡವನ್ನೂ ಚಂದ್ರಮತಿ ಬಸಳೆಯ ಬುಡಕ್ಕೆ ಬಗ್ಗಿಸುತ್ತಿದ್ದಾಗ ಮುರಳೀಧರ ಓಡಿಬಂದ. ಅವಳ ಕೈ ಹಿಡಿಯಲು ಹೋದವನು ಅತ್ತಿಗೆ ಎಂಬುದು ನೆನಪಾಗಿ ಕೊಡದ ಕಂಠ ಹಿಡಿದ. ಅಷ್ಟರಲ್ಲಿ ಅರ್ಧ ನೀರು ಮಣ್ಣಿಗೆ ಹೋಗಿತ್ತು.

"ಎಂತ ಅತ್ತಿಗೆ ಇದು? ತಲೆ ಸರಿ ಉಂಟಾ ನಿಮಗೆ? ಟಿ. ನಗರದಿಂದ ಟ್ಯಾಕ್ಸಿಯ ಡಿಕ್ಕಿಯಲ್ಲಿಟ್ಟು ತಂದ ನೀರು ಅದು. ಊರಿಡೀ ಒಂದು ಚೊಂಬು ನೀರಿಗೆ ಹೊಡೆದಾಡ್ತಾ ಉಂಟು!"

"ಬಸಳೆ ಒಣಗಿತ್ತು," ಎಂದಳು ಚಂದ್ರಮತಿ.

"ಅಣ್ಣನನ್ನು ಮೀಯಿಸ್ಲಿಕ್ಕೆ ತಂದದ್ದು ನಾನು."

"ಅವರನ್ನು ಮೀಯಿಸ್ಲಿಕ್ಕೆ ಅವರದ್ದೇ ಬಾವಿ ಉಂಟಲ್ಲ."

ಹಿತ್ತಿಲಲ್ಲಿ ನಿಂತಿದ್ದವರೆಲ್ಲ ಒಮ್ಮೆ ಬಾವಿಯ ಕಡೆ ನೋಡಿದರು, ಕೂಡಲೇ ಬೇರೆ ಕಡೆ ನೋಡಿದರು. ಬಾವಿಯಲ್ಲಿ ನೀರೇನೋ ಇತ್ತು. ಎಂಬತ್ತೇಳರ ಆ ಬೇಸಿಗೆಯಲ್ಲಿ ಮದರಾಸಿನ ಬಾವಿಗಳೆಲ್ಲ ತಳ ಕಂಡಿದ್ದರೂ ಈ ಬಾವಿಯಲ್ಲಿ ಕೈಗೆಟಕುವ ಹಾಗೆ ನೀರಿತ್ತು, ಯಾಕೆಂದರೆ ಅದನ್ನು ಯಾರೂ ಸೇದುತ್ತಿರಲಿಲ್ಲ. ಅದಕ್ಕೆ ಸೀಮೆಎಣ್ಣೆಯ ನಾತ.

ಒಳಗೆ ಚಾವಡಿಯಲ್ಲಿ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದ ಮಧ್ವರಾಜನಿಗೆ ಈ ಮಾತುಕತೆ ಕೇಳಿದ್ದರೆ ಹೆಂಡತಿ ತನ್ನ ಪರ ನಿಂತಳೆಂದು ಬೆರಗಾಗುತ್ತಿದ್ದ. ರಾಯಪುರಂನಲ್ಲಿ, ಇದೇ ಮನೆಯ ಮುಂಭಾಗದಲ್ಲಿ, ಹಾರ್ಬರಿನವರಿಗೆಲ್ಲ ಕಾಫಿ ಕುಡಿಸಿದ ಹೋಟೆಲು ಅವನದು. ಹೋಟೆಲು ಮುಚ್ಚಿದ ಮೇಲೂ ಗಲ್ಲಾದ ಹಿಂದೆ ದಿನವೂ ಕೂರುತ್ತಿದ್ದ. ನಿನ್ನೆ ಸಂಜೆಯೂ ಕೂತಿದ್ದ. ಬೆಳಗ್ಗೆ ಏಳಲಿಲ್ಲ.

"ನಾನು ಹೋದ್ರೆ ನನ್ನ ಬಾವಿ ನೀರಲ್ಲೇ ಮೀಯಿಸಿ ಮಾರಾಯ್ರೆ, ಲಾರಿ ನೀರು ಬೇಡ," ಎಂದು ಅವನು ಮನೆಗೆ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದ. ಬಂದವರೆಲ್ಲ ಆಯ್ತು ಆಯ್ತು ಎಂದು ತಲೆ ಆಡಿಸಿದ್ದರು. ತಲೆ ಆಡಿಸುವುದಕ್ಕೇನು ಕಷ್ಟ?

\*

ಹೋಟೆಲು ಕಟ್ಟುವ ಮೊದಲು ಆ ಜಾಗದಲ್ಲಿ ಒಂದು ಎಣ್ಣೆ ಕಂಪನಿಯ ಡಿಪೋ ಇತ್ತು. ಹಡಗಿನಲ್ಲಿ ಬಂದ ಸೀಮೆಎಣ್ಣೆಯನ್ನೂ ಡೀಸೆಲನ್ನೂ ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ತುಂಬಿಟ್ಟು ಅಲ್ಲಿಂದ ಡ್ರಮ್ಮುಗಳಲ್ಲಿ ಊರಿಗೆಲ್ಲ ಕಳಿಸುತ್ತಿದ್ದರು. ಎಪ್ಪತ್ತರ ಸುಮಾರಿಗೆ ಕಂಪನಿ ಡಿಪೋವನ್ನು ಊರಾಚೆಗೆ ಒಯ್ದಿತು. ಟ್ಯಾಂಕುಗಳನ್ನು ಕತ್ತರಿಸಿ ಗುಜರಿಗೆ ಹಾಕಿ, ನೆಲಕ್ಕೆ ಒಳ್ಳೆಯ ಮರಳು ಹರಡಿ, ಸೈಟು ಮಾಡಿ ಮಾರಿತು. ಟ್ಯಾಂಕುಗಳ ತಳದಲ್ಲಿ ವರ್ಷಗಟ್ಟಲೆ ನಿಂತಿದ್ದ ಗಸಿ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಮಧ್ವರಾಜನೂ ಕೇಳಲಿಲ್ಲ. ಕಾರ್ಕಳದ ಕಡೆಯಿಂದ ಬಂದು, ಬೇರೆಯವರ ಹೋಟೆಲಲ್ಲಿ ಲೋಟ ತೊಳೆದು ಮೇಲೆ ಬಂದವನು ಅವನು. ಸೈಟಿನಲ್ಲಿ ಬಾವಿ ತೋಡಿಸಿದಾಗ ಸಿಕ್ಕಿದ ನೀರನ್ನು ಬೊಗಸೆಯಲ್ಲಿ ಕುಡಿದು, "ನಮ್ಮ ಊರಿನ ನೀರೇ ಇಲ್ಲಿಗೆ ಬಂದಿದೆ ನೋಡು," ಎಂದು ಹೆಂಡತಿಗೂ ಕುಡಿಸಿದ.

ಆ ನೀರಿಗೂ ಅವನ ಮೂಗಿಗೂ ಹೋಟೆಲು ಹೆಸರಾಯಿತು. ಅವನ ಮೂಗೆಂದರೆ ಸಾಮಾನ್ಯದ್ದಲ್ಲ. ಹಿತ್ತಿಲಲ್ಲಿ ಕಾಫಿ ಬೀಜ ಹುರಿಯುತ್ತಿದ್ದರೆ ಗಲ್ಲಾದಲ್ಲಿ ಕೂತೇ, "ಸಾಕು, ಇಳಿಸು," ಎಂದು ಕೂಗುತ್ತಿದ್ದ. ಹಾಲಿಗೆ ನೀರು ಬೆರೆಸಿದವನನ್ನು ಹಾಲಿನ ಕ್ಯಾನು ತೆರೆಯುವ ಮೊದಲೇ ಬೈದು ಓಡಿಸುತ್ತಿದ್ದ. ಊರಿನಿಂದ ಅವನ ಜತೆಯಲ್ಲೇ ಬಂದು ದೋಸೆಕಲ್ಲಿನ ಮುಂದೆ ನಿಂತ ಐತಪ್ಪ, "ನಮ್ಮ ಧಣಿಗಳು ಉಪ್ಪನ್ನೂ ಮೂಗಲ್ಲೇ ನೋಡುದು," ಎಂದು ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ. ಮಧ್ವರಾಜನಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಒಂದು ವರ್ಷ ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಜೋರಾಗಿ ಹೊಡೆದು ಬೀದಿಯೆಲ್ಲ ನೀರು ನಿಂತಿತು. ನೀರಿಳಿದ ಮೇಲೆ ಒಂದು ಬೆಳಗ್ಗೆ ಮಧ್ವರಾಜ ಮೊದಲ ಗುಟುಕು ಕಾಫಿಯನ್ನು ಉಗಿದು ಎದ್ದ.

"ಐತಪ್ಪಾ! ಸ್ಟವ್ವನ್ನು ಬಾವಿಕಟ್ಟೆಯಲ್ಲಿ ತೊಳೆದೆಯಾ?"

"ಇಲ್ಲ ಧಣಿ. ದೇವರಾಣೆಗೂ ಇಲ್ಲ."

ಐತಪ್ಪನಿಗೆ ಬೈಗುಳ ಬೀಳುತ್ತಿರುವಾಗಲೇ ಚಂದ್ರಮತಿ ಒಂದು ಬಿಂದಿಗೆ ಸೇದಿ ಮೇಲೆ ತಂದಳು. ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣದ ಪೊರೆ ಆಡುತ್ತಿತ್ತು. ನೋಡಲು ಚಂದವೇ ಇತ್ತು, ಹಾಳಾದ್ದು.

ಕಂಪನಿಯ ಮೆಟ್ಟಿಲು ಹತ್ತಿಳಿದು ಮಧ್ವರಾಜನ ಚಪ್ಪಲಿ ಸವೆದ ಮೇಲೆ ಒಬ್ಬ ಆಫೀಸರು ಜೀಪಿನಲ್ಲಿ ಬಂದ. ಹಿಂದಿನ ಗೋಡೆಯ ಹತ್ತಿರ ಟ್ಯಾಂಕು ಇದ್ದದ್ದು, ಅಲ್ಲಿ ಅಗೆಸಿ ನೋಡಿ ಎಂದು ಮಧ್ವರಾಜ ಕೈಮುಗಿದು ಹೇಳಿದ. ಹಿಂದೆ ಕೆಸರಿತ್ತು. ಆಫೀಸರಿನ ಬೂಟು ಹೊಸದು. ಅವನು ಮುಂದಿನ ಗೇಟಿನ ಹತ್ತಿರ ಮೊಳದಷ್ಟು ಅಗೆಸಿ, ಸೀಸೆಗೆ ಮಣ್ಣು ತುಂಬಿಸಿಕೊಂಡು, ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದು ಹೋದ. ಆಮೇಲೆ ಮಧ್ವರಾಜ ಆಫೀಸಿಗೆ ಹೋಗಿ ವಿಚಾರಿಸಿದಾಗ ಆಫೀಸರು ಹೇಳಿದ: "ಸಾರ್, ನಮ್ಮ ಸ್ಯಾಂಪಲ್ ಕ್ಲೀನ್. ನಿಮ್ಮ ಹೋಟೆಲ್ ಸ್ಟವ್‌ನಿಂದಲೇ ಲೀಕ್ ಆಗಿರಬೇಕು, ಅದನ್ನು ಚೆಕ್ ಮಾಡಿಸಿ."

ಒಂದು ಸ್ಟವ್ವಿನಿಂದ ಬಾವಿ ತುಂಬ ಎಣ್ಣೆ! ಆ ದಿನ ಮಧ್ವರಾಜ ಮನೆಗೆ ಬಂದವನು ಊಟ ಮಾಡಲಿಲ್ಲ. ಹಿತ್ತಿಲ ಮೂಲೆಯಲ್ಲಿದ್ದ ಗುದ್ದಲಿಯನ್ನು ತೆಗೆದು ನೋಡಿ ಅಲ್ಲೇ ಇಟ್ಟ.

\*

"ಅಮ್ಮಾ, ಹೊತ್ತು ಏರ್ತಾ ಉಂಟು," ಎಂದರು ಭಟ್ಟರು, ಬಾವಿಕಟ್ಟೆಯಿಂದ ಸಾಕಷ್ಟು ದೂರದಲ್ಲೇ ನಿಂತು. "ನೀರಿನ ವಿಷಯ ಹೀಗೆ ಹಟ ಹಿಡಿದ್ರೆ ಹೇಗೆ? ಇದು ದೇಹಶುದ್ಧಿಯ ಪ್ರಶ್ನೆ. ಈ ನೀರು ಆಗ್ಲಿಕ್ಕಿಲ್ಲ."

"ಯಾಕೆ ಆಗ್ಲಿಕ್ಕಿಲ್ಲ?"

ಭಟ್ಟರು ಮುರಳೀಧರನ ಮುಖ ನೋಡಿದರು. ಮುರಳೀಧರ ವಾಚು ನೋಡಿಕೊಂಡ. ಇನ್ಶೂರೆನ್ಸ್ ಆಫೀಸಿನಲ್ಲಿ ಯಾರನ್ನು ಬೇಕಾದರೂ ಮಾತಿನಲ್ಲಿ ಒಪ್ಪಿಸುವವನು ಅವನು.

"ಅಮ್ಮಾ, ವೇಂಡಾಂಮ್ಮಾ," ಎಂದಳು ಮಗಳು ವಿನೋದಾ, ತಾಯಿಯ ಸೆರಗು ಹಿಡಿದು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸಿ ಬೆಳೆದ ಹುಡುಗಿ. ಇವತ್ತು ಬೇಡ ಎನ್ನುವುದಕ್ಕೂ ಅದೇ ಬಾಯಿಗೆ ಬಂತು. "ಅದು ನಾತ್ತಂ ಅಡಿಕ್ಕುದು. ಅಪ್ಪಾಗೆ ಅದು ಬೇಡ."

"ನೀನು ಆವತ್ತೂ ಕುಡಿಯದೆ ಚೆಲ್ಲಿದ್ದಿ ಮಗಾ. ನಿನ್ನನ್ನು ನಾನು ಕೇಳ್ತಾ ಇಲ್ಲ." ಚಂದ್ರಮತಿ ಭಟ್ಟರ ಕಡೆಗೇ ತಿರುಗಿದಳು. "ಭಟ್ರೇ, ಇದೇ ನೀರನ್ನು ಇದೇ ಕಟ್ಟೆಯಲ್ಲಿ ನಿಂತು ತೀರ್ಥ ಅಂತ ಹಂಚಿದ್ದು ಯಾರು?"

ಭಟ್ಟರು ಶಲ್ಯ ಸರಿಮಾಡಿಕೊಂಡರು. ಐತಪ್ಪ ಬಾವಿಯ ರಾಟೆಯ ಕಡೆ ನೋಡುತ್ತ ನಿಂತಿದ್ದ.

\*

ಕಂಪನಿ ಹುಡುಕುವುದಿಲ್ಲವಾದರೆ ತಾನೇ ಹುಡುಕುತ್ತೇನೆಂದು ಮಧ್ವರಾಜ ಹೊರಟ. ಹೋಟೆಲಿಗೆ ನೀರನ್ನು ಕೈಗಾಡಿಯಲ್ಲಿ ದೂರದಿಂದ ತರಿಸಿ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಕೂಡಲೇ ಲುಂಗಿ ಮಡಚಿ ಕಟ್ಟಿ ಹಿತ್ತಿಲಿಗೆ ಇಳಿಯುತ್ತಿದ್ದ. ಅವನೂ ಐತಪ್ಪನೂ ಇಲ್ಲೊಂದು ಅಲ್ಲೊಂದು ಗುಂಡಿ ತೋಡಿದರು. ಬೇರೆ ಬೇರೆ ಆಳದ ಮಣ್ಣನ್ನು ಚಂದ್ರಮತಿಯ ಉಪ್ಪಿನಕಾಯಿ ಭರಣಿಗಳಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟು, ಆಮೇಲೆ ಬಟ್ಟೆ ಬಿಚ್ಚಿ ಮಧ್ವರಾಜ ಮೂಗು ಒಳಗೆ ಇಳಿಸುತ್ತಿದ್ದ. "ಇದರಲ್ಲಿಲ್ಲ. ಇದರಲ್ಲಿ ಸ್ವಲ್ಪ. ಇದರಲ್ಲಿ ಜೋರುಂಟು." ಜೋರಿದ್ದ ಕಡೆಗೆ ಮುಂದಿನ ಗುಂಡಿ. ಚಂದ್ರಮತಿಗೆ ಉಪ್ಪಿನಕಾಯಿ ಹಾಕಲು ಒಂದು ಭರಣಿಯೂ ಉಳಿಯಲಿಲ್ಲ.

ಹಾಗೆ ಹೋಗಿ ಹೋಗಿ, ಅವನು ಆಫೀಸರಿಗೆ ಕೈ ತೋರಿಸಿದ್ದ ಹಿಂದಿನ ಗೋಡೆಯ ಹತ್ತಿರವೇ ಸಿಕ್ಕಿತು. ಆಳೆತ್ತರಕ್ಕೆ ಇಳಿದ ಮೇಲೆ ಮರಳು ಕಪ್ಪಗಾಗಿ, ಹಿಂಡಿದರೆ ಅಂಗೈಗೆ ಜಿಡ್ಡು ಮೆತ್ತುತ್ತಿತ್ತು. ಗಸಿಯನ್ನು ಅಲ್ಲೇ ಹೊಂಡಕ್ಕೆ ಸುರಿದು ಮುಚ್ಚಿದ್ದರು. ಮತ್ತೆ ಕಂಪನಿಗೆ ಓಡಿದ. ಬೂಟಿನ ಆಫೀಸರು ವರ್ಗವಾಗಿ ಹೋಗಿದ್ದ. ಹೊಸಬ, ಜಾಗ ಮಾರಿ ಆಯಿತಲ್ಲ, ಮಣ್ಣು ನಿಮ್ಮದೇ ಎಂದ. ಸರಕಾರಿ ಕಚೇರಿಯವರು ಬಾವಿಯ ನೀರನ್ನು ಖಾಲಿ ಮಾಡಿ ನೋಡಿ ಎಂದರು. ಖಾಲಿ ಮಾಡಿದರೆ ಮತ್ತೆ ಅದೇ ನೀರು ಬರುತ್ತಿತ್ತು. ಒಬ್ಬನಾದರೂ ಬಂದು ಆ ಗುಂಡಿಯಲ್ಲಿ ಇಣುಕಿ ನೋಡಲಿಲ್ಲ.

ಕೊನೆಗೆ ಮಧ್ವರಾಜ ಆ ಮಣ್ಣನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ತಾರಸಿಗೆ ಹೊರಿಸಿದ. ಅಲ್ಲಿ ತೆಳ್ಳಗೆ ಹರಡಿ, ಸೆಗಣಿ ಬೆರೆಸಿ, ನೀರು ಚಿಮುಕಿಸಿ, ಊರಿನ ಅಂಗಳದಲ್ಲಿ ಭತ್ತ ಒಣಗಿಸುವ ಹಾಗೆ ಕಾಲಿನಿಂದ ಸಾಲು ಎಳೆದು ದಿನವೂ ತಿರುವಿದ. ಒಂದು ಹರವು ಆರಿದ ಮೇಲೆ ಇನ್ನೊಂದು. ಇದು ತಿಂಗಳಲ್ಲ, ವರ್ಷಗಳ ಕೆಲಸವಾಯಿತು. ನಿಜ ಹೇಳಬೇಕೆಂದರೆ ಉಪಾಯ ಕೆಟ್ಟದ್ದಾಗಿರಲಿಲ್ಲ. ಬಿಸಿಲಿಗೂ ಗಾಳಿಗೂ ಮಣ್ಣಿನ ನಾತ ಇಳಿಯುತ್ತಿತ್ತು. ಆದರೆ ಪೂರ್ತಿ ಇಳಿಯಿತೋ ಇಲ್ಲವೋ ಎಂದು ತೀರ್ಮಾನಿಸಬೇಕಾದದ್ದು ಅವನ ಮೂಗು. ಅಷ್ಟು ವರ್ಷ ಭರಣಿಗಳಲ್ಲಿ ಇಳಿದು ಇಳಿದು ಆ ಮೂಗು ಸತ್ತುಹೋಗಿತ್ತು.

ಅದು ಚಂದ್ರಮತಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಒಲೆಯ ಮೇಲೆ ಹಾಲು ಹೊತ್ತಿ, ಮನೆಯೆಲ್ಲ ಕಮಟು ತುಂಬಿ ಅವಳು ಹಿತ್ತಿಲಿನಿಂದ ಓಡಿಬಂದರೆ, ಗಂಡ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ.

"ನಿಮಗೆ ವಾಸನೆ ಬರ್ಲಿಲ್ವಾ?"

"ಎಂಥ ವಾಸನೆ?"

ಅವಳು ಹಾಲಿನ ಪಾತ್ರೆ ಇಳಿಸಿ ಅವನ ಕಡೆ ತಿರುಗಿದಳು. ಅವನು ಆ ವಾರವಷ್ಟೇ ತಾರಸಿಯ ಮಣ್ಣು ಶುದ್ಧವಾಯಿತೆಂದು ಹೊಂಡಕ್ಕೆ ವಾಪಸು ತುಂಬಿಸಲು ಶುರುಮಾಡಿದ್ದ. "ಆ ಮಣ್ಣು ಇನ್ನೂ ನಾರ್ತದೆ, ತುಂಬಿಸ್ಬೇಡಿ. ನಿಮ್ಮ ಮೂಗು ಹೋಗಿದೆ," ಎಂದಳು. ಅವನು ಅಲ್ಲಿಯವರೆಗೆ ಅವಳ ಮೇಲೆ ಕೈ ಎತ್ತಿದವನಲ್ಲ, ಆವತ್ತೂ ಎತ್ತಲಿಲ್ಲ. ಆದರೆ ಎತ್ತಿದ್ದರೇ ವಾಸಿಯಿತ್ತು ಎನ್ನುವ ಹಾಗೆ ಹೇಳಿದ: "ಹೋಟೆಲಿನವನಿಗೆ ಮೂಗಿಲ್ಲ ಅಂತೀಯಲ್ಲ. ನನ್ನ ಬಾವಿ ಸರಿಯಾಗುದು ನಿನಗೇ ಬೇಡ."

ಮಣ್ಣು ತುಂಬಿಸಿ ಆದ ಮೇಲೆ ಬಾವಿಗೆ ಪೂಜೆ ಇಟ್ಟುಕೊಂಡ. ತಮ್ಮನನ್ನು ಕರೆದ, ಭಟ್ಟರನ್ನು ಕರೆದ, ಬೀದಿಯಲ್ಲಿದ್ದ ಊರ ಕಡೆಯವರನ್ನೆಲ್ಲ ಕರೆದ. ಅದಕ್ಕೆ ಮುಂಚೆ ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಬಂದಿದ್ದ. ಮನಸ್ಸಿಗೆ ಬೇಜಾರು ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೊಸ ಬಿಂದಿಗೆಯಲ್ಲಿ ನೀರು ಸೇದಿ, ಭಟ್ಟರ ಕೈಯಿಂದ ತೀರ್ಥದ ಹಾಗೆ ಎಲ್ಲರ ಅಂಗೈಗೂ ಬಿಡಿಸಿ, "ಹೇಳಿ, ವಾಸನೆ ಉಂಟಾ?" ಎಂದು ಮಗುವಿನ ಹಾಗೆ ಒಬ್ಬೊಬ್ಬರ ಮುಖ ನೋಡಿದ.

"ಎಂತ ಇಲ್ಲ ಅಣ್ಣ, ಫಸ್ಟ್‌ಕ್ಲಾಸ್," ಎಂದ ಮುರಳೀಧರ.

"ಗಂಗೆ, ಗಂಗೆ," ಎಂದರು ಭಟ್ಟರು.

"ಇಲ್ಲ ಧಣಿ," ಎಂದ ಐತಪ್ಪ, ನೆಲ ನೋಡುತ್ತ.

ವಿನೋದಾ ಕುಡಿಯದೆ ಚೆಲ್ಲಿ ಒಳಗೆ ಓಡಿಹೋದಳು. ಚಂದ್ರಮತಿ ಒಬ್ಬಳೇ ಎಲ್ಲರೆದುರು, "ನಾರ್ತದೆ," ಎಂದಳು. ಮಧ್ವರಾಜ ಅವಳ ಕಡೆ ತಿರುಗಲೂ ಇಲ್ಲ.

ಮಾರನೆಯ ದಿನದಿಂದ ಕೈಗಾಡಿಯ ನೀರು ನಿಂತಿತು. ಹೋಟೆಲಿನ ಕಾಫಿಗೆ, ಸಾಂಬಾರಿಗೆ ಬಾವಿಯ ನೀರೇ. ಅಷ್ಟು ವರ್ಷ ಕಷ್ಟಪಟ್ಟು ಉಳಿಸಿಕೊಂಡಿದ್ದ ಗಿರಾಕಿಗಳು ಒಂದೊಂದು ಗುಟುಕು ಕುಡಿದು ಎದ್ದುಹೋದರು. ಅವರಿಗೆ ಡಾಕ್ಟರು ಏನೂ ಹೇಳಿರಲಿಲ್ಲವಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಹೋಟೆಲಿನ ಬಾಗಿಲು ಮುಚ್ಚಿತು. ಜನಕ್ಕೆ ಈಗ ಒಳ್ಳೆಯ ಕಾಫಿಯ ರುಚಿಯೇ ಗೊತ್ತಿಲ್ಲ ಎಂದು ಮಧ್ವರಾಜ ಬೈದುಕೊಂಡ.

\*

"ನಾವು ಹೇಳಿದ್ದು ಅಣ್ಣನಿಗೆ ಬೇಜಾರಾಗ್ಬಾರ್ದು ಅಂತ, ಅತ್ತಿಗೆ," ಎಂದ ಮುರಳೀಧರ ಕೊನೆಗೆ. "ಅವನ ಜೀವ ಮುಖ್ಯವಾ, ಒಂದು ಮಾತು ಮುಖ್ಯವಾ?"

"ಒಂದು ಮಾತಲ್ಲ ಮುರಳಿ, ಆ ಮಾತಲ್ಲಿ ಹೋಟೆಲು ಹೋಯ್ತು. ನೀವೆಲ್ಲ ಅವರಿಗೆ ಬೇಕಾದವರಾದ್ರಿ. ನಾನೊಬ್ಬಳು ಅವರ ಕೆಲಸ ಹಾಳುಮಾಡುವವಳು ಆದೆ." ಚಂದ್ರಮತಿಯ ಸ್ವರ ಏರಲಿಲ್ಲ. "ಈಗ ಅವರಿಗೆ ಬೇಜಾರಾಗುದಿಲ್ಲ. ಒಳಗೆ ಹೋಗಿ ಅವರ ಎದುರು ನಿಂತು ಹೇಳಿ: ಆವತ್ತು ನೀರು ನಾರ್ತಿತ್ತು, ನಾವು ಸುಳ್ಳು ಹೇಳಿದ್ದು, ಚಂದ್ರಮತಿ ಹೇಳಿದ್ದೇ ಸರಿ ಅಂತ. ಒಬ್ಬರು ಹೇಳಿದ್ರೂ ಸಾಕು. ಆ ಉಳಿದ ಅರ್ಧ ಕೊಡದಲ್ಲೇ ಮೀಯಿಸುವ."

ಬೀದಿಯಲ್ಲಿ ಒಂದು ಮೀನಿನ ಲಾರಿ ಹಾರನ್ನು ಹೊಡೆಯುತ್ತ ಹೋಯಿತು. ಮುರಳೀಧರ ಒಂದು ಹೆಜ್ಜೆ ಚಾವಡಿಯ ಕಡೆ ಇಟ್ಟು, ಅಲ್ಲಿ ಬಂದವರು ಕೂತಿದ್ದನ್ನು ನೋಡಿ ನಿಂತುಬಿಟ್ಟ. ಸತ್ತ ಅಣ್ಣನೆದುರು ಹೇಳಬಹುದಿತ್ತೇನೋ, ಬದುಕಿದ್ದವರೆದುರು ಆಗಲಿಲ್ಲ.

ಭಟ್ಟರು ಗಂಟಲು ಸರಿಮಾಡಿಕೊಂಡರು. "ಹಾಗೆ ನೋಡಿದ್ರೆ ಅಷ್ಟೇನೂ ವಾಸನೆ ಇಲ್ಲ ಬಿಡಿ."

"ಹಾಗಾದ್ರೆ ಸೇದಿ," ಎಂದಳು ಚಂದ್ರಮತಿ.

ಐತಪ್ಪ ಸೇದಿದ. ರಾಟೆ ಕಿರುಗುಟ್ಟಿತು. ಬಿಂದಿಗೆ ಮೇಲೆ ಬಂದಾಗ ಬಣ್ಣದ ಪೊರೆ ಮೊದಲು ಕಂಡ ದಿನದ ಹಾಗೆಯೇ ಆಡುತ್ತಿತ್ತು. ಹಿತ್ತಿಲಲ್ಲಿ ಅಡ್ಡ ಬಟ್ಟೆ ಹಿಡಿದು ಮಧ್ವರಾಜನನ್ನು ಮೀಯಿಸಿದರು. ಮುರಳೀಧರ ಉಸಿರು ಬಿಗಿಹಿಡಿದು ಚೊಂಬು ಬಗ್ಗಿಸಿದ. ಭಟ್ಟರು ಶಲ್ಯವನ್ನು ಮೂಗಿನವರೆಗೂ ಎಳೆದುಕೊಂಡು ಮಂತ್ರ ಹೇಳಿದರು. ಚಂದ್ರಮತಿ ಗಂಡನ ಮುಖಕ್ಕೆ ನೀರು ತಾಗಿಸಿ, ಸೆರಗಿನಿಂದ ಅವನ ಮೂಗು ಒರೆಸಿದಳು.

ಅವಳಿಗೆ ನೆನಪಾದದ್ದು ಕಳೆದ ವಾರದ ಮಾತು. ಗಂಡ ಗಲ್ಲಾದಿಂದ ಕೂಗಿ, "ನಮ್ಮ ಬಾವಿದು ಒಂದು ಲೋಟ ನೀರು ಕೊಡು," ಎಂದಿದ್ದ. ಪೂಜೆಯ ದಿನದ ಮೇಲೆ ಅವನು ಅವಳ ಹತ್ತಿರ ಏನನ್ನಾದರೂ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ಅವಳು ಲಾರಿ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವನು ಪೂರ್ತಿ ಕುಡಿದು, "ನೋಡು ಚಂದ್ರೂ, ಎಷ್ಟು ಸಿಹಿ. ಈಗ ಹೇಳು, ನಾರ್ತದಾ?" ಎಂದು ಕೇಳಿದ.

"ಇಲ್ಲ," ಎಂದಿದ್ದಳು ಅವಳು. ಅವನು ನಕ್ಕಿದ್ದ. ಆ ನಗು ನೋಡಿ ಅವಳಿಗೆ ಸಂತೋಷವೂ ಆಗಿತ್ತು, ಮುರಳಿಯನ್ನೂ ಭಟ್ಟರನ್ನೂ ಕೊಂದುಹಾಕುವಷ್ಟು ಸಿಟ್ಟೂ ಬಂದಿತ್ತು. ಇಷ್ಟು ಸುಲಭವಾಗಿ ಸಿಗುವ ನಗುವಿಗೆ ತಾನು ಅಷ್ಟು ವರ್ಷ ಯಾಕೆ ಕಲ್ಲಾಗಿ ನಿಂತೆ ಎಂದು ತನ್ನ ಮೇಲೂ.

\*

ಹೆಣ ಎತ್ತಿಕೊಂಡು ಹೋದವರು ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಬಂದರು. ಸ್ಮಶಾನದ ನಲ್ಲಿಯಲ್ಲಿ ಗಾಳಿ ಮಾತ್ರ ಬಂದಿತ್ತು. ಸಮುದ್ರ ಹತ್ತಿರವೇ ಇದ್ದರೂ ಅಲ್ಲೆಲ್ಲ ಇಳಿಯಲಾಗದ ಬಂಡೆಗಳ ಸಾಲು. ಮೀಯದೆ ಹೊಸ್ತಿಲು ದಾಟುವಂತಿಲ್ಲ, ದೀಪ ನೋಡದೆ ತಮ್ಮ ತಮ್ಮ ಮನೆಗೆ ಹೋಗುವಂತಿಲ್ಲ. ಪಕ್ಕದ ಓಣಿಯಿಂದ ಸುತ್ತಿ ಹಿತ್ತಿಲಿಗೆ ಬಂದು ಎಲ್ಲರೂ ನಿಂತರು. ಚಂದ್ರಮತಿ ಬಾವಿಕಟ್ಟೆಯ ಹತ್ತಿರ ಇದ್ದಳು.

"ಅತ್ತಿಗೆ, ಆ ಅರ್ಧ ಕೊಡ…" ಎಂದು ಶುರುಮಾಡಿದ ಮುರಳೀಧರ.

"ವಿನೋದಾಗೆ ಕುಡೀಲಿಕ್ಕೆ ಇಟ್ಟಿದ್ದೇನೆ."

ಐತಪ್ಪ ಯಾರ ಮುಖವನ್ನೂ ನೋಡದೆ ಮುಂದೆ ಬಂದು, ತಾನೇ ಸೇದಿ, ತನ್ನ ತಲೆಗೆ ಸುರಿದುಕೊಂಡ. ಇನ್ನೊಂದು ಸುರಿದುಕೊಂಡ. ಆಮೇಲೆ ಒದ್ದೆ ಕೈಯಿಂದ ಮುಖ ಮುಚ್ಚಿಕೊಂಡು, "ಅಮ್ಮಾ, ನಾತ ಇತ್ತು. ಆವತ್ತೂ ಇತ್ತು," ಎಂದ. ಅದು ಎಷ್ಟು ಮೆಲ್ಲಗಿತ್ತೆಂದರೆ ಹತ್ತಿರವಿದ್ದ ಅವಳೊಬ್ಬಳಿಗೇ ಕೇಳಿಸಿತು. ಅವಳು ತಲೆ ಆಡಿಸಿದಳು. ಕೇಳಿಸಿಕೊಳ್ಳಬೇಕಾಗಿದ್ದವನು ಅಷ್ಟರಲ್ಲಿ ಬೂದಿಯಾಗುತ್ತಿದ್ದ.

ಉಳಿದವರು ಒಬ್ಬರ ಹಿಂದೆ ಒಬ್ಬರು ಬಾಗಿದರು. ಐತಪ್ಪ ಸೇದಿ ಕೊಟ್ಟ, ಚಂದ್ರಮತಿ ಸುರಿದಳು. ಮುರಳೀಧರನಿಗೆ, ಭಟ್ಟರಿಗೆ, ಆವತ್ತು ಅಂಗೈ ಒಡ್ಡಿ ಕುಡಿದು ಬಾಯಿ ಒರೆಸಿಕೊಂಡಿದ್ದ ಬೀದಿಯವರಿಗೆ. ಯಾರೂ ಸಾಕು ಎನ್ನಲಿಲ್ಲ. ಭಟ್ಟರ ಜುಟ್ಟಿನಿಂದ ಇಳಿದ ನೀರು ಬೆನ್ನ ಮೇಲೆ ಬಣ್ಣವಾಗಿ ಹರಿಯಿತು. ಒಬ್ಬ ಗುಟ್ಟಾಗಿ ತನ್ನ ತೋಳನ್ನು ಮೂಸಿ ನೋಡಿಕೊಂಡು ಕೈ ಇಳಿಸಿದ.

ಚಾವಡಿಯಲ್ಲಿ ಮಧ್ವರಾಜ ಮಲಗಿದ್ದ ಜಾಗದಲ್ಲಿಟ್ಟ ದೀಪ ಸಮುದ್ರದ ಗಾಳಿಗೆ ನಂದಿಹೋಗಿತ್ತು. ಚಂದ್ರಮತಿ ಹಣತೆಯನ್ನು ಗಾಳಿ ಬೀಸದ ಕಡೆಗೆ, ಹಿತ್ತಿಲ ಬಾಗಿಲಿನ ಪಕ್ಕಕ್ಕೆ ತಂದಿಟ್ಟು, ಎಣ್ಣೆ ಹಾಕಿ ಬತ್ತಿ ಸರಿಮಾಡಿದಳು. ಮುರಳೀಧರ, ಭಟ್ಟರು, ಬೀದಿಯವರು, ಎಲ್ಲರೂ ಸೀಮೆಎಣ್ಣೆ ನಾರುವ ಒದ್ದೆ ಬಟ್ಟೆಯಲ್ಲೇ ಬಾಗಿಲ ಹೊರಗೆ ಒತ್ತಾಗಿ ನಿಂತು ಕೈಮುಗಿದರು.

ಚಂದ್ರಮತಿ ಕಡ್ಡಿ ಗೀರಿದಳು.

ಕೈಮುಗಿದಿದ್ದವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಕಡ್ಡಿಯನ್ನು ಕೂಡಲೇ ಬತ್ತಿಗೆ ಮುಟ್ಟಿಸಲಿಲ್ಲ. ಬೆರಳಿಗೆ ಬಿಸಿ ತಾಗುವವರೆಗೂ ಹಾಗೇ ಹಿಡಿದುಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ದೀಪ ಹಚ್ಚಿದಳು.